ಹಾಲು ಕುಡಿದು ಬೆಳ್ಳಗಾದವಳು

ನಮ್ಮ ಮನೆಯಲ್ಲಿ ಮುದ್ದೆಗೆ ಹಿಟ್ಟು ಅಳೆಯಲು ಬಳಸುವ ಒಂದು ಸ್ಟೀಲ್ ಲೋಟವಿದೆ. ಅದನ್ನು ಲೋಟವೆಂದು ಕರೆಯುವುದು ಅದರ ಘನತೆಗೆ ಕುಂದು. ಚೊಂಬಿನ ತಮ್ಮ ಎಂದರೆ ಸರಿಹೋದೀತು. ಅದರ ಹೊಟ್ಟೆಯ ಮೇಲೆ, ಪಾತ್ರೆ ಅಂಗಡಿಯವರು ಚುಕ್ಕೆ ಚುಕ್ಕೆಯಾಗಿ ಕೊರೆದುಕೊಟ್ಟ ಅಕ್ಷರಗಳಲ್ಲಿ, ‘ಚಿ. ಇಂಚರಳಿಗೆ ಅಜ್ಜಿಯ ಆಶೀರ್ವಾದ’ ಎಂದಿದೆ. ಕಳೆದ ಭಾನುವಾರ ಬಂದಿದ್ದ ನೆಂಟರೊಬ್ಬರು ಹಿಟ್ಟಿನ ಡಬ್ಬಿಯೊಳಗೆ ಅದನ್ನು ಕಂಡು, “ಆಶೀರ್ವಾದನ ಹಿಟ್ಟಿನ್ ಡಬ್ಬಕ್ಕಾಕಿದ್ದೀರಲ್ಲಮ್ಮಾ!” ಎಂದು ನಕ್ಕರು. ನಾನೂ ನಕ್ಕು ಕಾಫಿ ಕೊಟ್ಟೆ.

ಆ ಅಜ್ಜಿ ನಾನೇ. ಆ ಆಶೀರ್ವಾದವು ಮಗುವಿನ ರಕ್ತವನ್ನು ಹೇಗೆ ಕುಡಿಯಿತೆಂಬುದು ನೆಂಟರಿಗೆ ಹೇಳುವ ಸಂಗತಿಯಲ್ಲ. ಓದುವವರಿಗೆ ಹೇಳಬಹುದು. ಓದುವವರು ಕಾಫಿ ಕೇಳುವುದಿಲ್ಲ. ಕೇಳಿದ್ದನ್ನು ಮುಂದಿನ ಊರಿನ ತಿಥಿಯೂಟದಲ್ಲಿ ಬಡಿಸುವುದೂ ಇಲ್ಲ.

ನಮ್ಮದು ದುದ್ದದ ಪಕ್ಕದ ಊರು. ರಾಗಿ, ತೆಂಗು, ಹಾಲು ಎಂಬ ಮೂರರ ಮೇಲೆ ನಿಂತ ಮನೆಗಳು. ಈ ಮೂರರಲ್ಲಿ ಹಾಲಿಗಿರುವ ಮರ್ಯಾದೆ ದೇವರಿಗೂ ಇಲ್ಲ. ದೇವರಿಗೆ ದಿನಕ್ಕೊಮ್ಮೆ ಕೈ ಮುಗಿಯುತ್ತೇವೆ, ಡೇರಿಗೆ ಎರಡು ಬಾರಿ ನಡೆಯುತ್ತೇವೆ. ಅಲ್ಲಿ ಹಾಲಿನೊಳಗೆ ಗಾಜಿನ ಬುರುಡೆಯೊಂದನ್ನು ತೇಲಿಬಿಟ್ಟು ಯಾರ ಮನೆಯ ಹಾಲು ಎಷ್ಟು ಗಟ್ಟಿ ಎಂದು ನೋಡುತ್ತಾರೆ. ನನ್ನ ಕ್ಯಾನಿನೊಳಗೆ ಆ ಬುರುಡೆ ಮುಳುಗಲು ನಾಚಿಕೊಳ್ಳುತ್ತಿತ್ತು. ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಯಾರೂ ಹುಬ್ಬೇರಿಸಿದ್ದಿಲ್ಲ. ಮನುಷ್ಯನಿಗೆ ಇಂಥದೊಂದು ಹೆಮ್ಮೆ ಸಾಕು, ಉಳಿದ ವಿಷಯಗಳಲ್ಲೂ ತನ್ನದೇ ಗಟ್ಟಿಯೆಂದು ನಂಬುವುದಕ್ಕೆ.

ನನ್ನ ಶಾಲೆ ಐದನೆಯ ತರಗತಿಗೆ ಮುಗಿಯಿತು. ಮುಂದಿನ ವಿದ್ಯಾಭ್ಯಾಸವೆಲ್ಲ ಬೆಲ್ಲ, ಕಡಲೆ ಕಟ್ಟಿಕೊಟ್ಟ ಕಾಗದಗಳಲ್ಲಿ ನಡೆಯಿತು. ಪೊಟ್ಟಣದ ಕಾಗದದಲ್ಲಿ ಸುದ್ದಿಯ ತಲೆ ಇದ್ದರೆ ಬಾಲವಿರುತ್ತಿರಲಿಲ್ಲ; ಬಾಲವಿದ್ದರೆ ತಲೆ ಇನ್ನಾರದೋ ಮನೆಯ ಕಡಲೆಯ ಜೊತೆ ಹೋಗಿರುತ್ತಿತ್ತು. ಹಾಗೆ ಓದಿ ಓದಿ, ಯಾರು ಏನು ಹೇಳಿದರೂ ಇದರ ಉಳಿದರ್ಧ ಎಲ್ಲಿ ಎಂದು ಕೇಳುವ ರೋಗ ಅಂಟಿತು. ಜ್ಯೋತಿಷಿಯನ್ನು ಕೇಳಿದೆ, ಗೊಬ್ಬರದ ಅಂಗಡಿಯವನನ್ನು ಕೇಳಿದೆ, ಚುನಾವಣೆಗೆ ಬಂದವರನ್ನು ಕೇಳಿದೆ. ಯಾರನ್ನೂ ಬಿಡಲಿಲ್ಲ. ನನ್ನನ್ನು ಕೇಳುವುದೊಂದು ಬಾಕಿ ಇತ್ತು.

ಇಂಚರ ನನ್ನ ಮಗನ ಮಗಳು. ಇದು ನಡೆದಾಗ ಅವಳಿಗೆ ಮೂರು ತುಂಬಿ ನಾಲ್ಕು ನಡೆಯುತ್ತಿತ್ತು. ಮಗನಿಗೆ ದುದ್ದದಲ್ಲಿ ಮೋಟಾರು, ಪೈಪುಗಳ ಅಂಗಡಿ. ಸೊಸೆ ಸವಿತಾ ಚನ್ನರಾಯಪಟ್ಟಣದ ಶಾಲೆಯೊಂದರಲ್ಲಿ ಲೆಕ್ಕ ಕಲಿಸುತ್ತಾಳೆ. ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಹೊರಟರೆಂದರೆ ಮನೆಯಲ್ಲಿ ಉಳಿಯುವವರು ನಾನು, ಇಂಚರ ಮತ್ತು ನಾಲ್ಕು ಹಸುಗಳು. ಈ ಆರು ಮಂದಿಯಲ್ಲಿ ಊಟಕ್ಕೆ ತಕರಾರು ತೆಗೆಯುತ್ತಿದ್ದವಳು ಅವಳೊಬ್ಬಳೇ. ಅನ್ನ ತಂದರೆ ತುಟಿಗೆ ಬೀಗ, ಮುದ್ದೆ ತಂದರೆ ಬಾಯಿಗೆ ಅಡ್ಡ ಕೈ, ಸೊಪ್ಪಿನ ಸಾರು ಕಂಡರೆ ಕಣ್ಣಲ್ಲಿ ನೀರು. ನನ್ನ ಆಶೀರ್ವಾದ ಹೊತ್ತ ಆ ಹಾಲಿನ ಲೋಟ ಕಂಡರೆ ಮಾತ್ರ ಎರಡೂ ಕೈ ಮುಂದೆ. ಬೆಳಿಗ್ಗೆ ಒಂದು, ಹನ್ನೊಂದಕ್ಕೆ ಒಂದು, ಮಧ್ಯಾಹ್ನ ಊಟ ಬೇಡವೆಂದು ಅತ್ತಿದ್ದಕ್ಕೆ ಸಮಾಧಾನವಾಗಿ ಒಂದು, ಮಲಗುವಾಗ ಒಂದು. ತುಟಿಯ ಮೇಲೆ ಬಿಳಿ ಮೀಸೆ ಮೂಡಿಸಿಕೊಂಡು ಅವಳು ನಗುತ್ತಿದ್ದರೆ, ಅನ್ನ ತಿನ್ನದಿದ್ದರೇನು, ಅಮೃತ ಕುಡಿಯುತ್ತಾಳಲ್ಲ ಎಂದು ನಾನೂ ನಗುತ್ತಿದ್ದೆ.

ಮೇಲಿನ ಮನೆಯ ಜಯಕ್ಕ ಒಂದು ದಿನ ಬೇಲಿಯ ಆಚೆಯಿಂದ ಕೂಗಿದಳು: “ಅಕ್ಕೋ, ನಿನ್ ಮೊಮ್ಮಗ್ಳು ದಿನದಿಂದ್ ದಿನಕ್ಕೆ ಬೆಳ್ಳಗಾಯ್ತಾವ್ಳಲ್ಲ, ಏನಾಕ್ತೀಯ ಅವ್ಳಿಗೆ?”

“ಹಾಕೋದೇನು, ಹಾಲು ಕಣೆ. ಮನೆ ಹಾಲು.”

“ಅದ್ಕೇ ಅನ್ನು! ಒಳ್ಳೆ ಬೆಣ್ಣೆ ಉಂಡೆ ಆದಂಗಾಗವ್ಳೆ. ನಮ್ಮುಡ್ಗೀನೂ ಅವ್ಳೆ ನೋಡು, ಇದ್ಲು ಕಂಡಂಗೆ. ಮೂರೊತ್ತೂ ಇಟ್ಟು ನುಂಗ್ತದೆ, ಮೂರೊತ್ತೂ ಮರ ಅತ್ತದೆ.”

ಆ ಇದ್ದಿಲು ಅದೇ ಗಳಿಗೆಯಲ್ಲಿ ಸೀಬೆ ಮರದ ತುದಿಯಿಂದ ನಮ್ಮಿಬ್ಬರ ಮೇಲೂ ಎಲೆ ಉದುರಿಸುತ್ತಿತ್ತು. ನಾನು ಅದನ್ನು ಕನಿಕರದಿಂದ ನೋಡಿದೆ.

ನಮ್ಮ ಕಡೆ ಹೆಣ್ಣುಮಗುವಿನ ಆರೋಗ್ಯ ಅಳೆಯಲು ಬೇರೆ ಬುರುಡೆ ಬೇಕಿಲ್ಲ, ಬಣ್ಣ ಸಾಕು. ಕಪ್ಪಗಿದ್ದು ಕಲ್ಲನ್ನೂ ಅರಗಿಸಿಕೊಂಡರೆ ‘ಪಾಪ’; ಬೆಳ್ಳಗಿದ್ದು ಎರಡು ಮೆಟ್ಟಿಲು ಹತ್ತುವುದರೊಳಗೆ ಏದುಸಿರು ಬಿಟ್ಟರೆ ‘ಲಕ್ಷಣ’. ಇನ್ನು ಗಂಡಿನ ಕಡೆಯವರು ಹೆಣ್ಣು ನೋಡಲು ಬಂದಾಗ, ಹುಡುಗಿಯ ಕೈಯೊಳಗಿನ ತಟ್ಟೆ ನಡುಗುತ್ತಿದ್ದರೆ ಅದು ನಾಚಿಕೆ. ನಿಶ್ಶಕ್ತಿಯಿರಬಹುದೆಂದು ಅನುಮಾನಿಸಿದ ಒಬ್ಬ ಬೀಗರನ್ನೂ ನಾನು ಈವರೆಗೆ ಕಂಡಿಲ್ಲ.

ಇಂಚರಳಿಗೆ ಸಿಕ್ಕ ಎರಡನೆಯ ಪ್ರಶಸ್ತಿ ‘ಸಾಧು’ ಎಂಬುದು. ಕೂರಿಸಿದಲ್ಲಿ ಕೂರುತ್ತಿದ್ದಳು. ಮದುವೆ ಮನೆಗಳಲ್ಲಿ ಇತರ ಮಕ್ಕಳು ಬಾಳೆಎಲೆಗಳ ನಡುವೆ ಓಡಾಡಿ ಬೈಸಿಕೊಳ್ಳುತ್ತಿದ್ದರೆ ಇವಳು ನನ್ನ ತೊಡೆಗೆ ಒರಗಿ ಮಲಗಿರುತ್ತಿದ್ದಳು. “ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ!” ಎಂದು ಅರಕಲಗೂಡಿನ ಕಡೆಯ ಒಬ್ಬ ಹೆಂಗಸು ನನ್ನ ಕೈಯನ್ನೇ ಹಿಡಿದುಕೊಂಡು ಹೇಳಿದಳು. ನಾನು ತಲೆಬಾಗಿ ಆ ಗೌರವ ಸ್ವೀಕರಿಸಿದೆ.

ಇದರ ಜೊತೆಗೆ ಸಣ್ಣದೊಂದು ದುರಭ್ಯಾಸ. ಬಳಪ ತಿನ್ನುತ್ತಿದ್ದಳು. ಅವಳಮ್ಮ ಅಕ್ಷರ ತಿದ್ದಿಸಲು ತಂದಿಟ್ಟ ಡಬ್ಬಿ ಒಂದೇ ವಾರದಲ್ಲಿ ಖಾಲಿಯಾಯಿತು. ಸ್ಲೇಟಿನ ಮೇಲೆ ಮಾತ್ರ ‘ಅ’ಕಾರ ಕೂಡ ಪೂರ್ತಿಯಾಗಿರಲಿಲ್ಲ. ಬಳಪ ಬಚ್ಚಿಟ್ಟರೆ ಕೊಟ್ಟಿಗೆಯ ಗೋಡೆಯ ಮಣ್ಣು. ನನಗೆ ಇದರಲ್ಲಿ ಗಾಬರಿಯ ವಿಷಯವೇನೂ ಕಾಣಲಿಲ್ಲ. ನಾನೂ ಬಳಪ ತಿಂದವಳೇ. ಮಳೆಯ ಮೊದಲ ಹನಿ ಬಿದ್ದ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರಿಸಿಕೊಂಡು, ಹುತ್ತದ ಮಣ್ಣನ್ನು ಹೆಂಟೆಯಾಗಿ ಮುರಿದು ಲಂಗದ ಮಡಿಲಲ್ಲಿ ಬಚ್ಚಿಟ್ಟುಕೊಂಡು ಶಾಲೆಗೆ ಒಯ್ಯುತ್ತಿದ್ದೆವು. ಮೇಷ್ಟರು ಅಂಗೈ ನೋಡಿ ಹೊಡೆಯುತ್ತಿದ್ದರು. ನಾಲಿಗೆ ನೋಡಿ ಒಬ್ಬರೂ ಔಷಧಿ ಕೊಡಲಿಲ್ಲ. “ನಾವೆಲ್ಲ ತಿಂದ್ಕೊಂಡ್ ಬದುಕ್ಲಿಲ್ವಾ?” ಎಂದು ಸವಿತಾಳಿಗೆ ಹೇಳಿದೆ. ಬಲು ಬಲವಾದ ವಾದವದು. ಬದುಕಿದವರನ್ನು ಮಾತ್ರ ಸಾಕ್ಷಿಗೆ ಕರೆಯುವ ಕೋರ್ಟಿನಲ್ಲಿ ಯಾವ ಮೊಕದ್ದಮೆಯೂ ಸೋಲುವುದಿಲ್ಲ.

ಸವಿತಾ ಮರುದಿನ ಶಾಲೆಗೆ ರಜೆ ಹಾಕಿ ಮಗುವನ್ನು ಹಾಸನಕ್ಕೆ ಹೊರಡಿಸಿದಳು. ನಾನೂ ಹೊರಟೆ, ಡಾಕ್ಟರನ್ನು ಪ್ರಶ್ನಿಸಲು ಮನೆಯಿಂದ ಒಬ್ಬರಾದರೂ ಬೇಡವೆ?

ಮಕ್ಕಳ ಡಾಕ್ಟರು ನನ್ನ ಸೊಸೆಯ ವಯಸ್ಸಿನ ಹೆಣ್ಣುಮಗಳು. ಇಂಚರಳ ಕೆಳರೆಪ್ಪೆಯನ್ನು ಬೆರಳಿನಿಂದ ಇಳಿಸಿ ನೋಡಿದರು. ಅಂಗೈ ಬಿಡಿಸಿ ನೋಡಿದರು. ಆಮೇಲೆ ರಕ್ತ ಪರೀಕ್ಷೆ ಮಾಡಿಸಿ, ಚೀಟಿ ನೋಡಿ, ಪೆನ್ನು ಕೆಳಗಿಟ್ಟರು.

“ಪಾಪು ದಿನಕ್ಕೆ ಎಷ್ಟು ಹಾಲು ಕುಡಿಯುತ್ತೆ ಅಜ್ಜಿ?”

“ಕೇಳ್ದಷ್ಟೂ ಕೊಡ್ತೀವಿ ಕಣವ್ವ. ನಮ್ಮನೇಲಿ ಹಾಲಿಗೇನ್ ಬರವಾ?”

“ಅದೇ ತೊಂದ್ರೆ ಆಗಿರೋದು.”

ಅವರು ಬಿಡಿಸಿ ಹೇಳಿದರು. ರಕ್ತಕ್ಕೆ ಕಬ್ಬಿಣದಂಶ ಬೇಕು. ಹಾಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಲಿನಿಂದ ಹೊಟ್ಟೆ ತುಂಬಿದ ಮಗು ಕಬ್ಬಿಣವಿರುವ ಆಹಾರ ತಿನ್ನುವುದಿಲ್ಲ. ತಿಂದರೂ ಹಾಲು ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಮಣ್ಣು, ಬಳಪ ತಿನ್ನುವುದು ಚಟವಲ್ಲ, ಕೊರತೆಯ ಲಕ್ಷಣ. ಹಾಲನ್ನು ದಿನಕ್ಕೆ ಎರಡು ಸಣ್ಣ ಲೋಟಕ್ಕೆ ಇಳಿಸಬೇಕು. ಕೊಡುವ ಸಿರಪ್ಪನ್ನು ಖಾಲಿ ಹೊಟ್ಟೆಯಲ್ಲಿ, ಬೇಕಾದರೆ ನಿಂಬೆಹಣ್ಣಿನ ನೀರಿನ ಜೊತೆ ಕೊಡಬೇಕು. ಹಾಲು, ಕಾಫಿ, ಟೀ ಅದರ ಹತ್ತಿರ ಸುಳಿಯಕೂಡದು.

ಹಾಲು ಕುಡಿದರೆ ರಕ್ತ ಇಳಿಯುತ್ತದೆ! ಇದಕ್ಕಿಂತ ಮಳೆ ಬಂದರೆ ಕೆರೆ ಒಣಗುತ್ತದೆ ಎಂದಿದ್ದರೆ ನಂಬುತ್ತಿದ್ದೆನೇನೋ. ಪರೀಕ್ಷೆಯೇ ತಪ್ಪಿರಬೇಕೆಂದು ಹಟ ಹಿಡಿದು, ಎರಡು ದಿನ ಬಿಟ್ಟು ಚನ್ನರಾಯಪಟ್ಟಣದಲ್ಲಿ ಇನ್ನೊಮ್ಮೆ ಮಾಡಿಸಿದೆ. ಹಾಸನದ ಸೂಜಿ ಏನು ಹೇಳಿತ್ತೋ ಚನ್ನರಾಯಪಟ್ಟಣದ ಸೂಜಿಯೂ ಅದನ್ನೇ ಹೇಳಿತು: ಹನ್ನೊಂದು ದಾಟಬೇಕಿದ್ದ ಹಿಮೋಗ್ಲೋಬಿನ್ ಏಳು. ರಕ್ತವಿಲ್ಲದ ಮಗುವಿನ ರಕ್ತವನ್ನು ಎರಡೆರಡು ಸಲ ತೆಗೆಸಿದ ಕೀರ್ತಿ ನನಗೆ ಸಂದಿತು. ಎರಡನೆಯ ಸಲ ಅವಳು ಅಳಲೂ ಇಲ್ಲ. ಸಾಧು ಮಗು.

ಸುದ್ದಿ ಹಬ್ಬಿದ ಮೇಲೆ ವೈದ್ಯರಿಗೆ ಬರವೆ? ನಮ್ಮ ಊರಿನಲ್ಲಿ ಕೆಂಪಗಿರುವುದೆಲ್ಲ ರಕ್ತವಾಗುತ್ತದೆ. ಬೀಟ್‌ರೂಟು ತಂದವರು, ದಾಳಿಂಬೆ ತಂದವರು, ಕಲ್ಲಂಗಡಿ ತಂದವರು. ಜಯಕ್ಕ ಒಂದು ಶೀಶೆ ಕೆಂಪು ಶರಬತ್ತನ್ನೇ ತಂದಳು. “ಬಣ್ಣ ನೋಡಕ್ಕ, ಒಳ್ಳೆ ರಕ್ತ ಕಂಡಂಗೆ ಐತೆ!” ಈ ನ್ಯಾಯದಂತೆ ನಡೆದರೆ ಬುದ್ಧಿ ಕಡಿಮೆಯಾದವರಿಗೆ ಹೂಕೋಸು ತಿನ್ನಿಸಬೇಕಾಗುತ್ತದೆ, ನೋಡಲು ಮೆದುಳಿನಂತೆಯೇ ಇರುವುದರಿಂದ. ಹಾಗೆಂದು ಹೇಳಿಯೂಬಿಟ್ಟೆ. ಜಯಕ್ಕ ಎರಡು ದಿನ ಮಾತು ಬಿಟ್ಟಳು.

ಸವಿತಾಳ ತಾಯಿ, ಕೊಣನೂರಿನ ನಮ್ಮ ಬೀಗಿತಿ, ಬರುವಾಗ ಅಲ್ಲಿಯ ಸಂತೆಯಲ್ಲಿ ಕೊಂಡ ಒಂದು ಕಬ್ಬಿಣದ ಬಾಣಲೆಯನ್ನು ಹೊತ್ತು ತಂದರು. ಅದರ ಭಾರಕ್ಕೆ ಅವರ ಹೆಗಲೇ ಒಂದು ಕಡೆ ಇಳಿದಿತ್ತು.

“ಇದ್ರಲ್ಲಿ ಸೊಪ್ಪು ಬೇಯ್ಸಿ ಮಗೀಗ್ ಕೊಡಿ ಬೀಗ್ರೇ. ನಮ್ಮವ್ವ ಇದ್ರಲ್ಲೇ ಮಾಡೋಳು. ಕಬ್ಬಿಣ ಮೈಗತ್ತದೆ.”

“ಅಂಗಾದ್ರೆ ಗುದ್ಲೀಲಿ ಗೇಯೋ ನಮ್ಮ ಆಳ್ಗೆ ಯಾವ್ ರೋಗಾನೂ ಬರ್ಬಾರ್ದಾಗಿತ್ತು, ಅಲ್ವ್ರಾ?” ಎಂದೆ.

ಬೀಗಿತಿ ಬಾಣಲೆಯನ್ನು ಒಲೆಯ ಪಕ್ಕಕ್ಕಿಟ್ಟರು. ಅವರು ಹೋದ ಮೇಲೆ ಆ ಬಾಣಲೆಯಲ್ಲಿ ಹಸುವಿಗೆ ಬೂಸಾ ಕಲಸಿದೆ.

ಇನ್ನು ನಾನು ಮಾಡಿದ ಘನಕಾರ್ಯ. ಸವಿತಾ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿ ಹೋಗಿದ್ದಳು: ಸಿರಪ್ಪು ಇಷ್ಟು ಹೊತ್ತಿಗೆ, ಹಾಲು ಇಷ್ಟು, ಊಟ ಹೀಗೆ. ಲೆಕ್ಕದ ಮೇಡಂ ಅಲ್ಲವೆ, ಕೆಳಗೆ ಗೆರೆ ಬೇರೆ ಎಳೆದಿದ್ದಳು. ಸಿರಪ್ಪನ್ನು ನಾಲಿಗೆಗೆ ಮುಟ್ಟಿಸಿದೊಡನೆ ಇಂಚರ ಮುಖ ಕಿವುಚಿ ಉಗಿದಳು. ನಾನು ಬೆರಳದ್ದಿ ನೆಕ್ಕಿ ನೋಡಿದೆ: ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ. ಇಂಥದ್ದನ್ನು ಕೂಸಿಗೆ ನಿಂಬೆಹುಳಿಯ ಜೊತೆ ಕೊಡು ಎನ್ನುವವರಿಗೆ ಕರುಳಿದೆಯೆ? ಚೀಟಿಯನ್ನೊಮ್ಮೆ ನೋಡಿದೆ, ಮಗುವನ್ನೊಮ್ಮೆ ನೋಡಿದೆ, ಸಿರಪ್ಪನ್ನು ಆ ದೊಡ್ಡ ಲೋಟದ ಹಾಲಿನಲ್ಲಿ ಕದಡಿ ಕೊಟ್ಟೆ. ಗಟಗಟನೆ ಕುಡಿದಳು. ಔಷಧಿಯೂ ಹೋಯಿತು, ಹಾಲೂ ಹೋಯಿತು, ಅಳುವೂ ಇಲ್ಲ. ಡಾಕ್ಟರು ಪುಸ್ತಕ ಓದಿದವರು, ನಾನು ಮಗು ಸಾಕಿದವಳು ಎಂದುಕೊಂಡೆ. ಎರಡು ಸಣ್ಣ ಲೋಟದ ನಿಯಮ ಸವಿತಾ ಮನೆಯಲ್ಲಿದ್ದಾಗ ನಡೆಯುತ್ತಿತ್ತು. ಅವಳ ಬಸ್ಸು ತಿರುವು ದಾಟಿದೊಡನೆ ಮುರಿಯುತ್ತಿತ್ತು. ಒಂದು ಮಾತನ್ನು ಮಾತ್ರ ಒಪ್ಪಿಕೊಳ್ಳಬೇಕು: “ಅಮ್ಮಂಗೆ ಹೇಳ್ಬ್ಯಾಡ ಮಗ” ಎಂದು ನಾನು ಆ ಕೂಸಿಗೆ ಹೇಳಿಕೊಟ್ಟಿದ್ದೆ. ತಾನು ಮಾಡುತ್ತಿರುವುದು ಸರಿಯೆಂದು ಪೂರ್ತಿ ನಂಬಿದವರು ಹಾಗೆ ಹೇಳಿಕೊಡುವುದಿಲ್ಲ. ಅಷ್ಟು ತರ್ಕ ನನಗೆ ಆಗ ಹೊಳೆಯಲಿಲ್ಲ.

ಎರಡು ತಿಂಗಳು ಕಳೆದು ಮತ್ತೆ ಹಾಸನಕ್ಕೆ ಹೋದೆವು. ಏಳು ಏಳಾಗಿಯೇ ಇತ್ತು. ಡಾಕ್ಟರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಸಿರಪ್ ದಿನಾ ಕೊಟ್ಟಿದ್ದೀರ ಮೇಡಂ?”

“ಒಂದಿನಾನೂ ತಪ್ಸಿಲ್ಲ ಡಾಕ್ಟ್ರೇ. ಬಾಟ್ಲಿ ಲೆಕ್ಕ ಇಟ್ಟಿದ್ದೀನಿ,” ಎಂದಳು ಸವಿತಾ.

“ಸರಿಯಾಗಿ ಕೊಟ್ರೂ ಏರ್ತಿಲ್ಲ ಅಂದ್ರೆ ಬೇರೆ ಕಾರಣ ಹುಡುಕ್ಬೇಕು. ಕರುಳು ಹೀರ್ಕೊಳ್ತಿದ್ಯೋ ಇಲ್ವೋ, ಒಳಗೆಲ್ಲಾದ್ರೂ ರಕ್ತ ಹೋಗ್ತಿದ್ಯೋ ನೋಡ್ಬೇಕಾಗುತ್ತೆ. ಬೆಂಗ್ಳೂರಿಗೆ ಬರ್ದುಕೊಡ್ತೀನಿ. ಅಡ್ಮಿಟ್ ಮಾಡಿ, ಮಂಪರು ಕೊಟ್ಟು, ಗಂಟ್ಲಿಂದ ಒಂದು ಪೈಪ್ ಇಳ್ಸಿ…”

ಸವಿತಾ ಮಗುವಿನ ತಲೆಯ ಮೇಲೆ ಕೈಯಿಟ್ಟಳು. “ನಾನು ಕೆಲ್ಸ ಬಿಟ್ಬಿಡ್ತೀನಿ ಡಾಕ್ಟ್ರೇ,” ಎಂದಳು. “ಊರಲ್ಲೆಲ್ಲ ಅದೇ ಅಂತಾರೆ. ತಾಯಿ ಮನೇಲಿದ್ದಿದ್ರೆ ಹಿಂಗಾಗ್ತಿತ್ತಾ ಅಂತ. ನಿಜಾನೇ ಇರ್ಬೇಕು.”

ಊರಲ್ಲೆಲ್ಲ ಅಂದದ್ದು ನಿಜ. ಅಂದಾಗ ನಾನು ಅಲ್ಲೇ ಇದ್ದೆ. ಇಲ್ಲವೆಂದಿರಲಿಲ್ಲ.

ಡಾಕ್ಟರು ಇನ್ನೊಮ್ಮೆ ಮಗುವಿನ ಅಂಗೈಯನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಆ ಅಂಗೈಯನ್ನು ನಾನು ದಿನಕ್ಕೆ ನಾಲ್ಕು ಸಲ ತೊಳೆಯುತ್ತಿದ್ದೆ, ನೋಡಿದ್ದು ಅಂದು. ಗೆರೆಗಳಲ್ಲೂ ಕೆಂಪಿಲ್ಲ. ಹೊಳೆನರಸೀಪುರದ ಕಡೆಗೆ ಕೊಟ್ಟಿದ್ದ ನನ್ನ ಅಕ್ಕನ ಕೈ ನೆನಪಾಯಿತು. ಮದುವೆಯ ಹಿಂದಿನ ದಿನ ಗೋರಂಟಿ ಹಚ್ಚಿದ್ದರು. ಬಣ್ಣ ಹತ್ತಿದ ಚುಕ್ಕೆಗಳ ನಡುವೆ ಅಂಗೈ ಸುಣ್ಣ ಬಳಿದ ಗೋಡೆಯಂತಿತ್ತು. “ಬೆಳ್ಳಗಿರೋ ಕೈಗೆ ಗೋರಂಟಿ ಎಷ್ಟ್ ಚಂದ ಎದ್ ಕಾಣ್ತದೆ!” ಎಂದು ಹೆಂಗಸರು ಸಾಲುಗಟ್ಟಿ ಬಂದು ನೋಡಿದರು. ಅಕ್ಕ ಹಸಿ ಅಕ್ಕಿ ಮುಕ್ಕುತ್ತಿದ್ದಳು, ಒಲೆಯ ಮಣ್ಣು ಕೆರೆದು ತಿನ್ನುತ್ತಿದ್ದಳು, ಬಾವಿಯಿಂದ ಒಂದು ಕೊಡ ತರುವುದರೊಳಗೆ ಎರಡು ಕಡೆ ಕೂರುತ್ತಿದ್ದಳು. ಮೊದಲ ಹೆರಿಗೆಯಲ್ಲಿ ಹೋದಳು. ಅಷ್ಟು ಬೆಳ್ಳಗಿದ್ದಳಲ್ಲ, ದೃಷ್ಟಿಯಾಯಿತು ಎಂದರು. ಆ ಮಾತನ್ನು ನಾನು ಒಂದು ದಿನವೂ ನಂಬಲಿಲ್ಲ. ಆದರೆ ಅದರ ಬದಲಿಗೆ ನಂಬಲು ನನ್ನ ಬಳಿ ಬೇರೇನೂ ಇರಲಿಲ್ಲ. ಐವತ್ತು ವರ್ಷ ಉಳಿದರ್ಧವನ್ನು ಹುಡುಕಿದವಳ ಎದುರಿಗೆ ಅದನ್ನು ಒಬ್ಬ ಹೆಣ್ಣುಮಗಳು ಎರಡು ತಿಂಗಳ ಹಿಂದೆಯೇ ಬಿಡಿಸಿ ಹೇಳಿದ್ದಳು. ನಾನು ಸೂಜಿ ಸರಿಯಿಲ್ಲವೆಂದಿದ್ದೆ.

“ಬೆಂಗ್ಳೂರಿಗೆ ಬರೀಬ್ಯಾಡ್ರವ್ವ,” ಎಂದೆ. “ಸಿರಪ್ನ ನಾನು ಹಾಲ್ಗಾಕಿ ಕೊಡ್ತಿದ್ದೆ. ಹಾಲೂ ಇಳ್ಸಿಲ್ಲ. ಮದ್ಲು ಎಷ್ಟಿತ್ತೋ ಅಷ್ಟೇ ಕುಡೀತಾವ್ಳೆ. ಅವ್ಳಮ್ಮಂಗೆ ಗೊತ್ತಿಲ್ಲ.”

ಡಾಕ್ಟರು ಬಯ್ಯುತ್ತಾರೆಂದು ಕಾದೆ. ಅವರು ನಿಟ್ಟುಸಿರು ಬಿಟ್ಟು, “ಸದ್ಯ!” ಎಂದರು. ನನ್ನ ಇಡೀ ಆಯುಷ್ಯದಲ್ಲಿ ನನ್ನ ತಪ್ಪಿನಿಂದ ಯಾರಿಗಾದರೂ ಅಷ್ಟು ಸಂತೋಷವಾದದ್ದು ಅದೇ ಮೊದಲು. “ಹಾಗಾದ್ರೆ ಕರುಳು ಚೆನ್ನಾಗೇ ಇರ್ಬೇಕು ಬಿಡಿ. ಬೆಂಗ್ಳೂರು ಈಗ್ಲೇ ಬೇಡ. ಎರಡು ತಿಂಗ್ಳು ನಾನು ಹೇಳ್ದಂಗೆ ಮಾಡಿ ಅಜ್ಜಿ. ಸೊಪ್ಪು, ಮೊಳಕೆ ಕಾಳು, ಮೊಟ್ಟೆ, ಮಾಂಸ ತಿನ್ನೋರಾದ್ರೆ ಕುರಿ ಲಿವರ್ರು. ಮೇಲೆ ನಿಂಬೆಹಣ್ಣು ಹಿಂಡಿ. ಮನೇಲಿ ಕಬ್ಬಿಣದ ಬಾಣಲೆ ಇದ್ಯಾ? ಇದ್ರೆ ಅದ್ರಲ್ಲೇ ಮಾಡಿ, ಸ್ವಲ್ಪ ಅಂಶ ಅದ್ರಿಂದಾನೂ ಬರುತ್ತೆ.”

ಇದೆ ಎಂದೆ. ಯಾರು ತಿನ್ನುತ್ತಿದ್ದಾರೆಂದು ಹೇಳಲಿಲ್ಲ. ನಮ್ಮ ಹಸುಗಳಿಗೆ ರಕ್ತಹೀನತೆ ಬರುವ ಭಯವಂತೂ ಇರಲಿಲ್ಲ.

ಸವಿತಾ ಮನೆಗೆ ಬಂದವಳು ಗೋಡೆಯ ಚೀಟಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. “ನೀವು ಎಲ್ಲಾರ್ನೂ ಪ್ರಶ್ನೆ ಮಾಡ್ತೀರ ಅತ್ತೆ. ಒಂದೇ ಒಂದ್ಸಲ ನನ್ನನ್ನೂ ಮಾಡ್ಬೋದಾಗಿತ್ತು. ಯಾಕೆ ಹಿಂಗೆ ಬರ್ದಿದ್ದೀಯ ಅಂತ.” ಅಷ್ಟೇ. ಕೂಗಾಡಿದ್ದರೆ ನಾನೂ ಕೂಗಾಡಿ ಗೆದ್ದುಬಿಡುತ್ತಿದ್ದೆ.

ಹಾಲಿನ ಮನೆಯಲ್ಲಿ ಮಗುವಿಗೆ ಹಾಲು ಬಿಡಿಸುವುದು ಸಾರಾಯಿ ಅಂಗಡಿಯ ಮೇಲೆ ಮನೆ ಮಾಡಿಕೊಂಡು ಕುಡಿತ ಬಿಡಿಸಿದ ಹಾಗೆ. ಕರೆಯುವ ಸದ್ದಿಗೇ ಇಂಚರ ಕೊಟ್ಟಿಗೆಯ ಬಾಗಿಲಿಗೆ ಬರುತ್ತಿದ್ದಳು. “ಅಜ್ಜಿ, ಆಲು.” ಇಲ್ಲವೆಂದರೆ ನೊರೆ ಉಕ್ಕುವ ಬಕೆಟ್ಟನ್ನು ಬೆರಳು ಮಾಡಿ ತೋರಿಸುತ್ತಿದ್ದಳು. ಸುಳ್ಳಿಗೆ ಅಲ್ಲಿ ಎಡೆಯೇ ಇರಲಿಲ್ಲ. ದೊಡ್ಡ ಲೋಟವನ್ನು ಹಿಟ್ಟಿನ ಡಬ್ಬಿಗೆ ಹಾಕಿದೆ. ಮೊದಲ ನಾಲ್ಕು ದಿನ ಅವಳು ಹೊರಳಾಡಿ ಅತ್ತಳು. ಬಾಗಿಲು ಮುಂದೆ ಮಾಡಿಕೊಂಡು ನಾನೂ ಸ್ವಲ್ಪ ಅತ್ತೆ. ಐದನೆಯ ದಿನ ಹಸಿವು ಗೆದ್ದಿತು. ಬಸ್ಸಾರಿಗೆ ಅದ್ದಿದ ಮುದ್ದೆಯ ಚೂರೊಂದು, ಗೋಲಿಯಷ್ಟು, ಒಳಗೆ ಹೋಯಿತು. ಅದು ಗಂಟಲು ದಾಟುವುದನ್ನು ನಾನು ಉಸಿರು ಬಿಗಿಹಿಡಿದು ನೋಡಿದೆ. ಬೂಸಾದ ಬಾಣಲೆಯನ್ನು ಹುಣಸೆಹಣ್ಣು ಹಾಕಿ ಮೂರು ಸಲ ಉಜ್ಜಿ ಒಲೆಗೇರಿಸಿದ್ದೆ. ಕೊಣನೂರಿಗೆ ಫೋನು ಮಾಡಿ, “ನಿಮ್ ಬಾಣ್ಲೆ ಚೆನ್ನಾಗದೆ ಬೀಗ್ರೇ” ಎಂದೆ. ಆ ಕಡೆಯಿಂದ “ಗುದ್ಲೀನೂ ಒಂದ್ ಕಳುಸ್ಲಾ?” ಎಂಬ ಉತ್ತರ ಬಂತು.

ಊರು ಸುಮ್ಮನಿರುತ್ತದೆಯೆ? ಡೇರಿಯಲ್ಲಿ ಕ್ಯಾನು ಇಳಿಸಿ ಸಾಲಿನಲ್ಲಿ ನಿಂತಿದ್ದಾಗ ಜಯಕ್ಕನ ಮಾತು ನನ್ನ ಬೆನ್ನಿಗೆ ಬಡಿಯಿತು: “ಕೂಸ್ ಬಾಯಿಂದ ಕಿತ್ತು ಡೇರೀಗ್ ಸುರೀತಾವ್ಳಂತೆ ಕಣ್ರೇ. ನಿನ್ನೆ ಆ ಮಗ ಆಲು ಆಲು ಅಂತ ಬಾಯ್ ಬಾಯ್ ಬಡ್ಕೊತಿತ್ತು. ಎಂಥಾ ಅಜ್ಜಿ ಇದ್ದಾತು!” ಮೂವತ್ತು ವರ್ಷ ಕಟ್ಟಿದ ನನ್ನ ಗಟ್ಟಿತನವೆಲ್ಲ ಆ ಒಂದು ಮಾತಿಗೆ ನೀರಾಯಿತು. ತಿರುಗಿ ನಿಂತು ಕಬ್ಬಿಣ, ಕರುಳು ಎಂದೆಲ್ಲ ವಿವರಿಸಬಹುದಿತ್ತು. ವಿವರಿಸಿದ್ದರೆ ಅವರು ನಂಬುತ್ತಿದ್ದರೆ? ನಾನು ನಂಬಿದ್ದೆನೆ? ಕ್ಯಾನು ಎತ್ತಿಕೊಂಡು ಬಂದೆ.

ವಾರ ಕಳೆಯುವುದರೊಳಗೆ ಇನ್ನೊಂದು ಪ್ರಕರಣ. ಮಗು ಕಪ್ಪಗೆ ಕಕ್ಕಸು ಮಾಡುವುದನ್ನು ಜಯಕ್ಕನ ಇದ್ದಿಲು ನೋಡಿ ಹೋಗಿ ವರದಿ ಒಪ್ಪಿಸಿತು. ಜಯಕ್ಕ ಜಗಳ ಮರೆತು ಓಡಿಬಂದಳು. “ಅಕ್ಕೋ, ಯಾರೋ ಏನೋ ಮಾಡ್ಸವ್ರೆ! ನಿಂಬೆಹಣ್ ಇಳ್ಸು ಮದ್ಲು!”

“ನಿಂಬೆಹಣ್ಣನ್ನ ದಿನಾ ಇಳುಸ್ತಾನೆ ಇವ್ನಿ ಕಣೆ, ಲೋಟಕ್ಕೆ,” ಎಂದೆ. “ಕಬ್ಬಿಣದ ಔಷ್ದಿ ಕುಡುದ್ರೆ ಅಂಗೇ ಆಗದು, ಗಾಬ್ರಿ ಆಗ್ಬ್ಯಾಡಿ ಅಂತ ಡಾಕ್ಟ್ರಮ್ಮ ಮದ್ಲೇ ಹೇಳವ್ರೆ. ಹೋದ್ಸಾರಿ ಯಾವತ್ತಾದ್ರೂ ಹಿಂಗಾಗಿತ್ತು ಅಂದ್ಕೊಂಡ್ಯಾ?”

ಹಾಲಿಗೆ ಕದಡಿ ಕೊಟ್ಟ ಹೋದ ಸಲವೂ ಒಂದಿಷ್ಟು ಕಪ್ಪಾಗಿತ್ತೋ ಏನೋ. ಆಗ ನಾನು ನೋಡಲು ಹೋಗಿರಲಿಲ್ಲ. ಈಗ ಮಾತ್ರ ದಿನವೂ ನೋಡುತ್ತಿದ್ದೆ. ಪಂಚಾಂಗ ನೋಡುವವರು ಕೂಡ ಅಷ್ಟು ಶ್ರದ್ಧೆಯಿಂದ ನೋಡಲಾರರು.

ಬದಲಾವಣೆ ಬಂದದ್ದು ಬಣ್ಣದಲ್ಲಿ ಅಲ್ಲ, ಗುಣದಲ್ಲಿ. ಮೂರನೆಯ ವಾರ ಗೋಡೆಯ ಮಣ್ಣು ಬಿಟ್ಟಳು. ಐದನೆಯ ವಾರ ಕರುವಿನ ಬಾಲ ಎಳೆದು ಒದೆಸಿಕೊಂಡಳು. ಆರನೆಯ ವಾರ ಸೀಬೆ ಮರದ ಕೆಳಗಿನ ಕೊಂಬೆಯಲ್ಲಿ ಎರಡು ಜೊತೆ ಕಾಲು ನೇತಾಡುತ್ತಿದ್ದುದನ್ನು ಕಂಡು ಜಯಕ್ಕ, ಇಳಿಯಿರೇ ಇಳಿಯಿರೇ ಎಂದು ಕೂಗುತ್ತಿದ್ದಳು. ನಾನೂ ಕೂಗಬೇಕಿತ್ತು. ಬೇಲಿಗೆ ಒರಗಿ ನೋಡುತ್ತ ನಿಂತೆ.

ಎರಡು ತಿಂಗಳಾದ ಮೇಲೆ ಮೂವರೂ ಹಾಸನಕ್ಕೆ ಹೋದೆವು. ಚೀಟಿಯನ್ನು ನಾನು ಓದಲಿಲ್ಲ. ಸವಿತಾಳ ಮುಖ ನೋಡಿದೆ. ಅವಳು ಎರಡು ಸಲ ಓದಿ, ಮಡಿಸಿ, ಮತ್ತೆ ಬಿಡಿಸಿ ನನ್ನ ಕೈಗೆ ಕೊಟ್ಟಳು. ಹತ್ತು ದಾಟಿತ್ತು. ಔಷಧಿ ಇನ್ನೂ ಮೂರು ತಿಂಗಳು ನಡೆಯಬೇಕು, ನಡುವೆ ನಿಲ್ಲಿಸಿದರೆ ಮತ್ತೆ ಇಳಿಯುತ್ತದೆ ಎಂದರು ಡಾಕ್ಟರು. ಯಾಕೆ ಇನ್ನೂ ಮೂರು ತಿಂಗಳು ಎಂದು ಕೇಳಿದೆ. ಮೈಯೊಳಗಿನ ಉಗ್ರಾಣವೂ ತುಂಬಬೇಕಲ್ಲ ಅಜ್ಜಿ ಎಂದರು. ಉತ್ತರ ಸರಿಯಾಗಿತ್ತು. ಕೇಳಿದ್ದೂ ಸರಿಯಾಗಿತ್ತು.

ವಾಪಸು ಬರುವ ಬಸ್ಸು ತುಂಬಿತ್ತು. ಇಂಚರಳನ್ನು ಮಲಗಿಸಿಕೊಳ್ಳಲು ಸವಿತಾ ತೊಡೆ ಸರಿಮಾಡಿಕೊಂಡಳು. ಅವಳು ಮಲಗಲಿಲ್ಲ. ಸೀಟಿನ ಮೇಲೆ ನಿಂತು, ಹಾಸನದ ಹೊರಗಿನ ಪೆಟ್ರೋಲ್ ಬಂಕಿನಿಂದ ಶುರುಮಾಡಿದಳು. ಬಸ್ಸು ಏನು ಕುಡಿಯುತ್ತದೆ? ಡ್ರೈವರ್ ಮಾಮನಿಗೆ ಒಂದಕ್ಕೆ ಬಂದರೆ ಏನು ಮಾಡುತ್ತಾನೆ? ಆ ಎಮ್ಮೆ ಯಾರದು? ಈ ಎಮ್ಮೆ ಯಾರದು? ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ, ಬಿಳಿ ಪಂಚೆಯ ಹಿರಿಯರೊಬ್ಬರ ಬೋಳುತಲೆಯನ್ನು ಬೆರಳಿನಿಂದ ತಟ್ಟಿ, ಇಲ್ಲಿದ್ದ ಕೂದಲು ಯಾರು ತಗೊಂಡು ಹೋದರು ಎಂದು ವಿಚಾರಿಸಿದಳು.

ಅವರು ಬೆಚ್ಚಿಬಿದ್ದು ತಿರುಗಿದರು. “ಏನಮ್ಮಾ, ಊರ್ ಬಿಟ್ಟಾಗಿಂದ ಕೇಳ್ತಾ ಇವ್ನಿ. ಮಗೀನ ಒಸಿ ಸುಮ್ಕಿರ್ಸಬಾರ್ದಾ?”

ಸವಿತಾ ಮಗುವಿನ ಕೈ ಹಿಡಿದು ಕೂರಿಸಹೋದಳು. ನಾನು ಬಿಡಿಸಿದೆ.

“ಆಗಾಕಿಲ್ಲ ಸ್ವಾಮಿ,” ಎಂದೆ. “ಒಂದೊರ್ಸ ಸುಮ್ಕಿರ್ಸಿದ್ದೆ. ಸಾಕು. ಎಲ್ಲಿದ್ದೆ ಮಗ, ಕೂದ್ಲಾ? ಕೇಳು.”